ಹದಿನೆಂಟರ ಮೇಲೆ ಏರದ ಟಿವಿ

ನನ್ನನ್ನು ಯಾರು ಏನು ಬೇಕಾದರೂ ಅಂದುಕೊಳ್ಳಲಿ, ನನಗೆ ಚಿಂತೆಯಿಲ್ಲ. ದಪ್ಪಗಿದ್ದಾಳೆ ಎನ್ನಲಿ, ಬಾಯಿ ಜೋರು ಎನ್ನಲಿ, ಇವಳು ಮಾಡಿದ ಪಲ್ಯದಲ್ಲಿ ಉಪ್ಪು ಯಾವಾಗಲೂ ಒಂದು ಚಿಟಿಕೆ ಮುಂದು ಎನ್ನಲಿ. ಎಲ್ಲವೂ ನಿಜ, ಎಲ್ಲವನ್ನೂ ಒಪ್ಪಿಕೊಂಡಿದ್ದೇನೆ. ಆದರೆ ನಾನು ಬರೆದದ್ದರಲ್ಲಿ ಸುಳ್ಳಿದೆ ಎಂದರೆ ಮಾತ್ರ ಪಿತ್ತ ನೆತ್ತಿಗೇರುತ್ತದೆ. ಯಾಕೆಂದರೆ ಬರೆಯುವುದೇ ನನ್ನ ಕಸುಬು. ಕತೆ ಕವಿತೆಯಲ್ಲ, ಅವು ಸುಳ್ಳಿದ್ದರೂ ನಡೆಯುತ್ತದೆ. ನಾನು ಬೆಳಗಾವಿಯ ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಒಂದು ಮೇಜು ಹಾಕಿಕೊಂಡು ಇಪ್ಪತ್ತಾರು ವರ್ಷದಿಂದ ಜನರ ಅಫಿಡವಿಟ್ಟು, ಕರಾರು, ಖರೀದಿ ಪತ್ರ ಟೈಪು ಮಾಡುತ್ತಿದ್ದೇನೆ. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದವರು, ಮಾರ್ಕ್ಸ್ ಕಾರ್ಡು ಕಳೆದುಕೊಂಡವರು, ಹುಟ್ಟಿದ ದಿನವೇ ಗೊತ್ತಿಲ್ಲದವರು, ಅಣ್ಣತಮ್ಮಂದಿರು ಮುಖ ತಿರುಗಿಸಿಕೊಂಡೇ ಬಂದು ಹೊಲ ಪಾಲು ಮಾಡಿಕೊಳ್ಳುವವರು, ಎಲ್ಲರೂ ನನ್ನ ಎದುರಿನ ಸ್ಟೂಲಿನ ಮೇಲೆ ಕೂತು ಹೋಗಿದ್ದಾರೆ. ಅವರೆಲ್ಲರ ಕಾಗದದ ಕೊನೆಯಲ್ಲಿ ನನ್ನ ಬೆರಳುಗಳು ತಾವಾಗಿಯೇ ಒಂದು ಸಾಲು ಬರೆಯುತ್ತವೆ: ಮೇಲೆ ಬರೆದುದೆಲ್ಲವೂ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯವಾಗಿರುತ್ತದೆ. ಒಮ್ಮೆ ಕಿರಾಣಿ ಸಾಮಾನಿನ ಚೀಟಿಯ ಕೆಳಗೂ ಅದನ್ನೇ ಬರೆದು ಅಂಗಡಿಯವನ ಕೈಗೆ ಕೊಟ್ಟಿದ್ದೆ. ಅವನು ಎರಡು ಸಲ ಓದಿ, ಏನೂ ಕೇಳದೆ ತೊಗರಿಬೇಳೆ ತೂಗಿದ.

ಇಂಥ ನಾನು ಹಳೆಯ ಸಾಮಾನನ್ನು ಆನ್‌ಲೈನಿನಲ್ಲಿ ಮಾರಲು ಹೊರಟಿದ್ದಕ್ಕೆ ಕಾರಣ ನಮ್ಮವರು. ನಮ್ಮವರು ಆಟೋ ನಗರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನು ನಡೆಸುತ್ತಾರೆ. ಯಂತ್ರ ಎಂದರೆ ಅವರಿಗೆ ಜೀವ. ಯಾವ ಸಾಮಾನು ತಂದರೂ ಅದರ ಜೊತೆಗೆ ಬರುವ ಪುಸ್ತಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಮಿಕ್ಸರಿನ ಪುಸ್ತಿಕೆಯನ್ನು ಊಟದ ನಂತರ ಓದುತ್ತ ಕೂತವರನ್ನು ನಾನು ಬೇರೆಲ್ಲೂ ನೋಡಿಲ್ಲ. ಹಾಗೆಯೇ ಯಾವುದನ್ನೂ ಎಸೆಯುವುದಿಲ್ಲ. ರಾಮತೀರ್ಥ ನಗರದ ನಮ್ಮ ಮನೆಯ ಅಟ್ಟದ ಮೇಲೆ ಮೂರು ಇಸ್ತ್ರಿಪೆಟ್ಟಿಗೆ, ಎರಡು ಮಿಕ್ಸರು, ಬಾಯಿ ಬಿಡದ ಟೇಪ್ ರೆಕಾರ್ಡರು, ಗಾಳಿಗಿಂತ ಸದ್ದನ್ನೇ ಹೆಚ್ಚು ಬೀಸುವ ಟೇಬಲ್ ಫ್ಯಾನು ಸೇರಿಕೊಂಡಿದ್ದವು. ಇದೊಂದು ಬಿಟ್ಟರೆ ನಮ್ಮವರ ಮೇಲೆ ದೂರಿಲ್ಲ. ಮಾತು ಕಡಿಮೆ. ಎಂಥ ಮಾತು ಕಡಿಮೆ ಎಂದರೆ, ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾಯಿತು, ನಾನು ಸಂಜೆ ಟಿವಿ ಮುಂದೆ ಕೂತರೆ ಏಳುವುದು ಸೀರಿಯಲ್ಲು ಮುಗಿದ ಮೇಲೆಯೇ, ಅದೂ ಧ್ವನಿ ಸ್ವಲ್ಪ ಮುಂದಾಗಿಯೇ ಇಟ್ಟುಕೊಳ್ಳುತ್ತೇನೆ. ಆದರೂ ಅದನ್ನು ಸಣ್ಣ ಮಾಡು ಎಂದು ಅವರು ಒಂದು ದಿನವೂ ಅಂದವರಲ್ಲ. ನನ್ನ ತಂಗಿಯ ಗಂಡ ರಿಮೋಟನ್ನೇ ಕಸಿದುಕೊಳ್ಳುತ್ತಾನೆ. ನಾನು ತಂಗಿಯ ಎದುರು ಈ ವಿಷಯವನ್ನು ಬೇಕೆಂದೇ ಆಗಾಗ ಎತ್ತುತ್ತೇನೆ.

ಅಟ್ಟ ಖಾಲಿ ಮಾಡಲು ಹಳೆಯ ಸಾಮಾನು ಮಾರುವ ಆ್ಯಪ್ ತೋರಿಸಿಕೊಟ್ಟವರು ಝೆರಾಕ್ಸ್ ಅಂಗಡಿಯವರು. ಫೋಟೋ ಹಾಕಿ, ನಾಲ್ಕು ಮಾತು ಬರೆದರೆ ಸಾಕು ಎಂದರು. ನಾಲ್ಕು ಮಾತಿನಲ್ಲಿ ಮುಗಿಸುವುದು ನನ್ನಿಂದಾಗದು. ಖರೀದಿ ಪತ್ರದಲ್ಲಿ ಆಸ್ತಿಯ ಚಕ್ಕುಬಂದಿ ಬರೆಯಬೇಕು, ಅಂದರೆ ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ದಾರಿ ಎಂದು ನಾಲ್ಕೂ ದಿಕ್ಕು ಹೇಳಬೇಕು. ಆ ಅಭ್ಯಾಸದಿಂದ ಇಸ್ತ್ರಿಪೆಟ್ಟಿಗೆಯನ್ನೂ ಹಾಗೆಯೇ ಬರೆದೆ: "ಸದರಿ ಇಸ್ತ್ರಿಪೆಟ್ಟಿಗೆಯು ನನ್ನ ಸ್ವಂತ ಸ್ವತ್ತಾಗಿದ್ದು, ಇದರ ಮೇಲೆ ಯಾರ ಹಕ್ಕೂ ಬಾಧ್ಯತೆಯೂ ಇರುವುದಿಲ್ಲ. ಪೂರ್ವಕ್ಕೆ ಹಿಡಿಕೆಯಲ್ಲಿ ಬೆರಳಗಲದ ಬಿರುಕು, ಪಶ್ಚಿಮಕ್ಕೆ ವೈರು, ಉತ್ತರಕ್ಕೆ ನನ್ನ ಅತ್ತೆಯ ರೇಷ್ಮೆ ಸೀರೆ ಸುಟ್ಟ ಕಂದು ಕಲೆ, ದಕ್ಷಿಣಕ್ಕೆ ಏನೂ ಇಲ್ಲ." ಫೋಟೋ ತೆಗೆಯುವಾಗ ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಪೂರ್ವಕ್ಕೇ ಮಾಡಿ ಇಟ್ಟಿದ್ದೆ. ಕೊನೆಯಲ್ಲಿ ನನ್ನ ಮಾಮೂಲಿ ಸಾಲು. ಎರಡೇ ದಿನಕ್ಕೆ ಹೋಯಿತು. ಕೊಂಡವರು ಸಾಮಾನಿನ ಬಗ್ಗೆ ಏನೂ ಬರೆಯದೆ, ಓದಿ ಮನೆಯವರೆಲ್ಲ ನಕ್ಕೆವು ಎಂದು ಐದು ನಕ್ಷತ್ರ ಕೊಟ್ಟರು. ನಗಲಿ. ನನ್ನ ಪುಟದ ಮೇಲೆ "ನಂಬಿಕಸ್ಥ ಮಾರಾಟಗಾರರು" ಎಂಬ ಹಸಿರು ಗುರುತು ಬಿತ್ತು. ನಾನು ಅದನ್ನು ಮೊಬೈಲಿನಲ್ಲಿ ದಿನಕ್ಕೊಮ್ಮೆಯಾದರೂ ತೆರೆದು ನೋಡುತ್ತಿದ್ದೆ.

ಜಗಳಗಳೇ ಬರಲಿಲ್ಲವೆಂದಲ್ಲ. ಹಳೆಯ ಸಾಮಾನು ಕೊಳ್ಳುವವರಲ್ಲಿ ಕೆಲವರಿಗೆ ಹಳೆಯ ಬೆಲೆಗೆ ಹೊಸ ಸಾಮಾನು ಬೇಕು. ಪೀರನವಾಡಿಯ ಒಬ್ಬರು ಮಿಕ್ಸರು ಒಯ್ದು, ಇದು ಸದ್ದು ಮಾಡುತ್ತದೆ ಎಂದು ತಕರಾರು ಹಾಕಿದರು. ಸದ್ದು ಮಾಡದೆ ಶೇಂಗಾ ಚಟ್ನಿ ಅರೆಯಬೇಕಾದರೆ ಒರಳಿದೆಯಲ್ಲ, ಅದನ್ನು ಬಳಸಿ ಎಂದು ಬರೆದೆ. ಇನ್ನೊಬ್ಬರು ಟೇಬಲ್ ಫ್ಯಾನಿಗೆ ವಾರಂಟಿ ಕಾರ್ಡು ಕೇಳಿದರು. ಆ ಫ್ಯಾನು ಕೊಂಡಾಗ ನನ್ನ ಮಗಳಿಗೆ ಹಾಲುಹಲ್ಲು ಬರುತ್ತಿತ್ತು, ಈಗ ಅವಳ ಮಗನಿಗೆ ಬೀಳುತ್ತಿವೆ, ಲೆಕ್ಕ ನೀವೇ ಹಾಕಿ ಎಂದೆ. ಮತ್ತೊಬ್ಬರು ಟೇಪ್ ರೆಕಾರ್ಡರು ಹಾಡುತ್ತಿಲ್ಲ ಎಂದರು. ನಾನು ಬರೆದ ಮೊದಲ ಸಾಲೇ "ಇದು ಹಾಡುವುದಿಲ್ಲ" ಎಂದಿತ್ತು. ಅಷ್ಟು ಉದ್ದ ಯಾರು ಓದುತ್ತಾರೆ ಎಂದು ನನ್ನನ್ನೇ ಬೈದರು. ಓದದೆ ಸಹಿ ಮಾಡಿದವರ ಗತಿ ಏನೆಂದು ಕೋರ್ಟಿನ ಎದುರು ಕೂತವಳಿಗೆ ಹೇಳಿಕೊಡಬೇಕೇ? ನಾನು ಯಾರಿಗೂ ತಲೆಬಾಗಲಿಲ್ಲ. ಸಾಮಾನು ಕಟ್ಟುವಾಗ ವಿಡಿಯೋ ಮಾಡಿಟ್ಟುಕೊಳ್ಳುತ್ತಿದ್ದೆ, ಎಲ್ಲ ಮಾತನ್ನೂ ಆ್ಯಪಿನಲ್ಲೇ ಬರೆದು ಆಡುತ್ತಿದ್ದೆ, ಪ್ರತಿ ತಕರಾರಿಗೂ ಪ್ಯಾರಾಕ್ಕೆ ನಂಬರು ಹಾಕಿ ಉತ್ತರ ಕಳಿಸುತ್ತಿದ್ದೆ. ಆರನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಎದುರಿನವರು ಸುಸ್ತಾಗುತ್ತಿದ್ದರು. ಎಲ್ಲದರಲ್ಲೂ ನಾನೇ ಗೆದ್ದೆ.

ಆಮೇಲೆ ಟಿವಿಯ ಸರದಿ ಬಂತು. ಮೂವತ್ತೆರಡು ಇಂಚಿನದು, ನಾನೇ ನನ್ನ ದುಡಿಮೆಯಲ್ಲಿ ಕೊಂಡದ್ದು. ಮೊದಲೆರಡು ವರ್ಷ ಗಂಟಲು ಭರ್ಜರಿಯಾಗಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಒಂದು ಮಾತೂ ತಪ್ಪುತ್ತಿರಲಿಲ್ಲ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಧ್ವನಿ ಹದಿನೆಂಟಕ್ಕೆ ನಿಂತಿತು. ಬಟನ್ನು ಎಷ್ಟೇ ಒತ್ತಿದರೂ ಪರದೆಯ ಮೇಲೆ ಹದಿನೆಂಟು ಎಂದೇ ತೋರಿಸುತ್ತದೆ, ಮುಂದೆ ಹೋಗುವುದಿಲ್ಲ. ನಮ್ಮವರು ಸ್ಕ್ರೂ ಡ್ರೈವರು ತಂದು ಹಿಂಭಾಗ ಬಿಚ್ಚಿ, ಅರ್ಧ ಗಂಟೆ ಒಳಗೆ ಇಣುಕಿ, ಮತ್ತೆ ಮುಚ್ಚಿ, ಅದಕ್ಕೆ ವಯಸ್ಸಾಗಿದೆ, ಅದರ ಸಾಮಾನು ಈಗ ಸಿಗುವುದಿಲ್ಲ ಎಂದರು. ಯಂತ್ರದ ವಿಷಯದಲ್ಲಿ ಅವರ ಮಾತೇ ಕೊನೆ. ಕೆಲವು ವರ್ಷ ಕಿವಿ ನಿಮಿರಿಸಿಕೊಂಡು ನೋಡಿ ನೋಡಿ ಸಾಕಾಗಿ, ಈ ಸಲದ ದೀಪಾವಳಿಗೆ ಹೊಸ ಟಿವಿ ತಂದೆ. ಹಳೆಯದು ಚೆನ್ನಾಗಿಯೇ ಇದೆಯಲ್ಲ ಎಂದು ನಮ್ಮವರು ಗೊಣಗಿದರು. ಹೊಸದರ ಚಿತ್ರವೇನೋ ಚೆಂದ, ಧ್ವನಿ ಮಾತ್ರ ಒಂದು ವಾರದ ಮೇಲೆ ಇದರದ್ದೂ ಅಷ್ಟಕ್ಕಷ್ಟೇ. ಈಗಿನ ಸಾಮಾನಿನ ಹಣೆಬರಹವೇ ಹೀಗೆ.

ಹಳೆಯದನ್ನು ಆ್ಯಪಿಗೆ ಹಾಕಿದೆ. ನಾಲ್ಕು ದಿಕ್ಕಿನ ಗೀರುಗಳನ್ನೆಲ್ಲ ಬರೆದ ಮೇಲೆ, ದೋಷ ಎಂಬ ತಲೆಬರಹ ಕೊಟ್ಟು, ಸದರಿ ಟಿವಿಯ ಧ್ವನಿಯು ಹದಿನೆಂಟರ ಮೇಲೆ ಏರುವುದಿಲ್ಲ, ದುರಸ್ತಿಯಾಗುವ ಭರವಸೆಯೂ ಇಲ್ಲ ಎಂದು ಸ್ಪಷ್ಟವಾಗಿ ನಮೂದಿಸಿದೆ. ಸಾಕ್ಷಿಗೆ ಬಟನ್ನು ಒತ್ತುವ ವಿಡಿಯೋ ಕೂಡ ಹಚ್ಚಿದೆ. ಹತ್ತು ದಿನ ಯಾರೂ ಕೇಳಲಿಲ್ಲ. ಹನ್ನೊಂದನೆಯ ದಿನ ಖಾನಾಪುರದಿಂದ ಪರಶುರಾಮ ಎಂಬವರು ಬರೆದರು. ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಅವರು ಗೀರು ಕೇಳಲಿಲ್ಲ, ಬೆಲೆ ಜಗ್ಗಲಿಲ್ಲ. ಹದಿನೆಂಟರ ಮೇಲೆ ಖಂಡಿತ ಏರುವುದಿಲ್ಲವೇ ಎಂದು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರು. ಖಂಡಿತ ಏರುವುದಿಲ್ಲ ಎಂದು ಮೂರು ಸಲವೂ ಬರೆದುಕೊಟ್ಟೆ. ಇಷ್ಟು ಎಚ್ಚರಿಕೆಯಿಂದ ಓದುವವರೂ ಇದ್ದಾರಲ್ಲ ಎಂದು ನನಗೆ ಹೃದಯ ತುಂಬಿ ಬಂತು. ಮರುದಿನ ಅವರ ಪರಿಚಯದ ಟೆಂಪೊದವನು ಬಂದು ಟಿವಿ ಒಯ್ದ.

ಮೂರನೆಯ ದಿನ ತಕರಾರು ಬಂತು. ಕಾರಣ: "ಸಾಮಾನು ವಿವರಣೆಗೆ ಹೊಂದುವುದಿಲ್ಲ." ಕೆಳಗೆ ಪರಶುರಾಮರ ಬರಹ: ಟಿವಿಯಲ್ಲಿ ನೀವು ಹೇಳಿದ ದೋಷ ಇಲ್ಲ. ಧ್ವನಿ ನೂರರವರೆಗೂ ಏರುತ್ತದೆ. ನೀವು ಸುಳ್ಳು ಬರೆದಿದ್ದೀರಿ. ವಾಪಸ್ ತೆಗೆದುಕೊಳ್ಳಿ.

ನಾನು ಅದನ್ನು ಮೇಜಿನ ಮೇಲಿಟ್ಟು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಇಪ್ಪತ್ತಾರು ವರ್ಷದಲ್ಲಿ ಇಲ್ಲದ ಗುಣವನ್ನು ಇದೆ ಎಂದವರನ್ನು ಬೇಕಾದಷ್ಟು ನೋಡಿದ್ದೇನೆ. ಇಲ್ಲದ ದೋಷವನ್ನು ಇದೆ ಎಂದು ಬರೆದು ಮೋಸ ಮಾಡಿದ ಆರೋಪ ಹೊತ್ತವಳು ನಾನೇ ಮೊದಲಿಗಳಿರಬೇಕು. ಆ್ಯಪಿನ ಸಹಾಯವಾಣಿಗೆ ಬರೆದೆ. ಅಲ್ಲಿನ ಹುಡುಗಿ, ತಮಗಾದ ತೊಂದರೆಗೆ ವಿಷಾದಿಸುತ್ತೇವೆ ಎಂದು ಶುರುಮಾಡಿ, ಟಿವಿಯಲ್ಲಿ ಏನು ಕೆಟ್ಟಿದೆ ಎಂದು ಕೇಳಿದಳು. ಏನೂ ಕೆಟ್ಟಿಲ್ಲ, ಅದೇ ತಕರಾರು ಎಂದೆ. ಆಮೇಲೆ ದೋಷದ ಫೋಟೋ ಕಳಿಸಿ ಎಂದಳು. ಇಲ್ಲದ ದೋಷದ ಫೋಟೋ ಹೇಗೆ ತೆಗೆಯುತ್ತಾರೋ ನನಗೆ ಗೊತ್ತಿಲ್ಲ. ಕೊನೆಗೆ, ಮೂರು ದಿನದೊಳಗೆ ಇಬ್ಬರೂ ರಾಜಿಯಾಗದಿದ್ದರೆ ತಮ್ಮ ಪುಟದ ಹಸಿರು ಗುರುತು ಹೋಗಿ "ವಿವರಣೆ ನಂಬುವಂತಿಲ್ಲ" ಎಂಬ ಕೆಂಪು ಗುರುತು ಬರುತ್ತದೆ, ಅದನ್ನು ಮತ್ತೆ ಅಳಿಸಲಾಗದು, ತಮ್ಮ ದಿನ ಶುಭವಾಗಿರಲಿ ಎಂದಳು. ಟಿವಿ ವಾಪಸ್ ತೆಗೆದುಕೊಂಡಿದ್ದರೆ ಎಲ್ಲ ಒಂದು ಕ್ಷಣದಲ್ಲಿ ಮುಗಿಯುತ್ತಿತ್ತು. ಆದರೆ ತೆಗೆದುಕೊಂಡರೆ ಸುಳ್ಳನ್ನು ಒಪ್ಪಿಕೊಂಡ ಹಾಗೆ. ಕೋರ್ಟಿನ ಎದುರು ಕೂತು ಪ್ರತಿದಿನ ಹತ್ತು ಜನರ ಸತ್ಯ ಟೈಪು ಮಾಡುವವಳ ಹೆಸರಿನ ಮುಂದೆ ಆ ಕೆಂಪು ಗುರುತು ಬಿದ್ದರೆ ನಾನು ಯಾವ ಮುಖದಿಂದ ಆ ಕೊನೆಯ ಸಾಲು ಬರೆಯಲಿ?

ಪರಶುರಾಮರಿಗೆ ಫೋನು ಮಾಡಿದೆ. ಗಂಟಲು ಬಂದ ಟಿವಿಯನ್ನು ಬೇಡ ಎನ್ನುವವರು ನೀವೊಬ್ಬರೇ ಎಂದು ದಬಾಯಿಸಿದೆ. ಆಗ ಅವರ ಸಂಕಟ ಹೊರಬಿತ್ತು. ಮನೆಯಲ್ಲಿ ತಾಯಿ ಇದ್ದಾರೆ, ಆಯಿ ಎನ್ನುತ್ತಾರೆ. ಆಯಿ ಟಿವಿ ಹಚ್ಚಿದರೆ ಓಣಿಗೆಲ್ಲ ಕೇಳಬೇಕು. ಒಂದೇ ಗೋಡೆಯ ಆಚೆಗೆ ಒಬ್ಬ ನರ್ಸು; ರಾತ್ರಿಪಾಳಿ ಮುಗಿಸಿ ಬಂದು ಮಧ್ಯಾಹ್ನದವರೆಗೆ ಮಲಗುತ್ತಾಳೆ, ಮಲಗಲು ಆಗುತ್ತಿಲ್ಲ, ಮನೆ ಖಾಲಿ ಮಾಡುವ ಮಾತು ಆಡುತ್ತಿದ್ದಾಳೆ. ಆಯಿಗೆ ಎದುರಾಡುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಅದಕ್ಕೇ ಇದ್ದ ಟಿವಿಯನ್ನು ಕೆಟ್ಟಿತೆಂದು ಸಾಗಹಾಕಿ, ಧ್ವನಿ ಏರದ ಟಿವಿಯನ್ನು ಎಷ್ಟೋ ತಿಂಗಳಿಂದ ಹುಡುಕುತ್ತಿದ್ದರಂತೆ.

"ನಿಮ್ಮ ಬರಹ ಓದಿ ದೇವರ ಸಿಕ್ಕಂಗ ಆಗಿತ್ರಿ ಅಕ್ಕಾರ," ಎಂದರು. "ಈಗ ನೋಡಿದ್ರ ಇದು ಮೊದಲಿನಕಿಂತ ಜೋರ ಐತಿ. ನೀವು ಮೊದಲಿನಂಗ ಕೆಡಿಸಿ ಕೊಡ್ರಿ, ಇಲ್ಲಂದ್ರ ವಾಪಸ್ ಒಯ್ರಿ."

ನನಗೆ ಅವರ ಮೇಲೆ ಕರುಣೆ ಬಂತು. ಅಕ್ಕಪಕ್ಕದವರ ಪರಿವೆಯಿಲ್ಲದೆ ಟಿವಿ ಹಚ್ಚುವ ಇಂಥ ಹೆಂಗಸರೂ ಇರುತ್ತಾರಲ್ಲ ಎನಿಸಿತು. ಆದರೆ ಕರುಣೆ ಬೇರೆ, ನನ್ನ ಹೆಸರು ಬೇರೆ. ನಮ್ಮ ಮನೆಯಿಂದ ಹೊರಡುವಾಗ ಅದು ಹದಿನೆಂಟೇ, ಟೆಂಪೊದಲ್ಲಿ ಕುಲುಕಿ ಕುಲುಕಿ ಒಳಗಿನದೇನೋ ಸಡಿಲಾಗಿ ಗಂಟಲು ಬಿಟ್ಟಿರಬೇಕು, ಅದು ನಿಮ್ಮ ಟೆಂಪೊದವನ ಹೊಣೆ ಎಂದೆ. ಭಾನುವಾರ ನಾನೇ ಬಂದು ನಿಮ್ಮ ಕಣ್ಣೆದುರು ಸಾಬೀತು ಮಾಡಿ ತೋರಿಸುತ್ತೇನೆ ಎಂದು ಫೋನಿಟ್ಟೆ.

ವಿಚಿತ್ರವೆಂದರೆ ನಮ್ಮವರು ನನ್ನ ಪರ ನಿಲ್ಲಲಿಲ್ಲ. ವಿಷಯ ಕೇಳಿದ ದಿನದಿಂದ ಊಟ ಸರಿಯಾಗಿ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಒಂಬತ್ತು ಪ್ಯಾರಾದ ಉತ್ತರವನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಬಾಗಿಲಲ್ಲಿ ಬಂದು ನಿಂತರು.

"ಹೋಗಬ್ಯಾಡ ಶೈಲಾ. ಟಿವಿ ವಾಪಸ್ ತಗೊಂಡು ಬಿಡು," ಎಂದರು. "ಅವರು ಹೇಳಿದ್ದ ಖರೇ ಇರಬಹುದು."

ಗಂಡನಾದವನು ಹೆಂಡತಿಯ ಬರಹವನ್ನು ನಂಬದಿದ್ದರೆ ಇನ್ನು ಖಾನಾಪುರದವರು ನಂಬುತ್ತಾರೆಯೇ? ನಾನು ಉತ್ತರವನ್ನೂ ಕೊಡದೆ ಬಸ್‌ಸ್ಟ್ಯಾಂಡಿಗೆ ನಡೆದೆ. ಕಿಟಕಿಯ ಪಕ್ಕ ಕೂತು, ದಾರಿಯಲ್ಲಿ ಬಸ್ಸು ಎಲ್ಲೆಲ್ಲಿ ಕುಲುಕಿತೆಂದು ಆ ಒಂಬತ್ತು ಪ್ಯಾರಾದ ಹಿಂಬದಿಯಲ್ಲಿ ಗುರುತು ಹಾಕುತ್ತ ಹೋದೆ. ಪಕ್ಕದಲ್ಲಿ ಕೂತಿದ್ದ ಅಜ್ಜ, ರಸ್ತೆ ಇಲಾಖೆಯವರೇ ಎಂದು ಕೇಳಿದರು. ಹೌದೆನ್ನುವ ಆಸೆಯಾಯಿತು, ಅನ್ನಲಿಲ್ಲ.

ಪರಶುರಾಮರ ಮನೆ ಹುಡುಕುವ ಕಷ್ಟವೇ ಇರಲಿಲ್ಲ. ಓಣಿಯ ತಿರುವಿನಲ್ಲೇ ನನ್ನ ಟಿವಿಯ ಧ್ವನಿ ಕೇಳಿಸಿತು. ಒಳಗೆ ಕಾಸೆ ಸೀರೆಯುಟ್ಟ ಸಣ್ಣ ಮೈಯ ಮುದುಕಿ, ಪರದೆಗೆ ಎರಡು ಮೊಳ ದೂರದಲ್ಲಿ ಚಾಪೆಯ ಮೇಲೆ ಕೂತು ಮರಾಠಿ ಸೀರಿಯಲ್ಲು ನೋಡುತ್ತಿದ್ದರು. ನನ್ನನ್ನು ಕಂಡು ಬಸಾ ಬಸಾ ಎಂದು ತಮ್ಮ ಪಕ್ಕದ ಜಾಗವನ್ನೇ ತಟ್ಟಿ ತೋರಿಸಿದರು. ಆಯಿ ಮನೆಯವರೊಂದಿಗೆ ಮರಾಠಿ, ಬಂದವರೊಂದಿಗೆ ಕನ್ನಡ ಆಡುತ್ತಾರೆ. ಟಿವಿ ಮಾರಿದವಳು ನಾನೇ ಎಂದು ಗೊತ್ತಾದ ಮೇಲೆ ನನ್ನ ಕೈ ಹಿಡಿದುಕೊಂಡರು.

"ಛಲೋ ಟಿವಿ ಕೊಟ್ಟೀರವ್ವ," ಎಂದರು. "ಸಣ್ಣ ಆವಾಜಿನ್ಯಾಗ ನೋಡಿದ್ರ ಬಾಜು ಮನ್ಯಾಗ ಯಾರೋ ಮಾತಾಡಿದಂಗ ಆಗತೈತಿ. ದೊಡ್ಡದು ಇಟ್ಟರ ನನ್ನ ಜೋಡಿನ ಮಾತಾಡಿದಂಗ ಆಗತೈತಿ."

ನನಗೆ ಯಾಕೆ ಟಿವಿ ಜೋರಾಗಿ ಬೇಕು ಎಂದು ತಂಗಿಗೆ ಎಷ್ಟು ಸಲ ಹೇಳಲು ಹೊರಟು ಮಾತು ಸಿಕ್ಕದೆ ಬಿಟ್ಟಿದ್ದೆನೋ, ಅದನ್ನು ಈ ಮುದುಕಿ ಎರಡು ಮಾತಿನಲ್ಲಿ ಹೇಳಿ ಮುಗಿಸಿದರು. ದಿನವಿಡೀ ನನ್ನ ಎದುರಿನ ಸ್ಟೂಲಿನ ಮೇಲೆ ಕೂತವರೆಲ್ಲ ತಮ್ಮ ಕಾಗದದ ಮಾತಾಡುತ್ತಾರೆ, ಮನೆಗೆ ಬಂದರೆ ನಮ್ಮವರು ಮಾತೇ ಆಡುವುದಿಲ್ಲ. ಆಯಿ ಚಹಾ ಮಾಡಲು ಒಳಗೆ ಎದ್ದುಹೋದರು. ಅವರ ಸೊಸೆ ಸವಿತಾ ಟಿವಿ ಸಣ್ಣ ಮಾಡಿದಳು, ಪರಶುರಾಮರು ಕುರ್ಚಿ ಎಳೆದುಕೊಂಡು ಎದುರು ಕೂತರು, ವಿಚಾರಣೆ ಶುರುವಾಯಿತು.

ನಾನು ವಿಡಿಯೋ ತೋರಿಸಿದೆ. ಹದಿನೆಂಟಕ್ಕೆ ನಿಂತದ್ದು ಎಲ್ಲರಿಗೂ ಕಂಡಿತು. ಅವರು ರಿಮೋಟು ಒತ್ತಿ ಎಂಬತ್ತಕ್ಕೆ ಏರಿಸಿದರು. ಅದೂ ಎಲ್ಲರಿಗೂ ಕೇಳಿಸಿತು. ನಾನು ಟೆಂಪೊದ ವಾದ ಮಂಡಿಸಿ, ಹಿಂಭಾಗ ಬಿಚ್ಚಿಸಿ ನೋಡೋಣ ಎಂದು ಪಟ್ಟು ಹಿಡಿದೆ. ಸವಿತಾ ರಿಮೋಟು ಇಸಿದುಕೊಂಡು, ಟಿವಿಯೊಳಗೆ ಒಂದರ ಹಿಂದೆ ಒಂದು ಏನೇನೋ ಸೆಟ್ಟಿಂಗಿನ ಪಟ್ಟಿ ತೆರೆದು, ಧ್ವನಿಯ ಪಟ್ಟಿಯಲ್ಲಿ ಒಂದು ಸಾಲಿನ ಮೇಲೆ ನಿಂತಳು. ಅಲ್ಲಿ ಗರಿಷ್ಠ ಧ್ವನಿ ಎಂದಿತ್ತು, ಎದುರಿಗೆ ನೂರು. ಅವಳು ಅದನ್ನು ಹದಿನೆಂಟು ಮಾಡಿ ಹೊರಗೆ ಬಂದು ಬಟನ್ನು ಒತ್ತಿದಳು. ಧ್ವನಿ ಹದಿನೆಂಟಕ್ಕೆ ಏರಿತು, ನಿಂತಿತು. ಅದೇ ಹದಿನೆಂಟು. ನಾನು ಕೆಲವು ವರ್ಷ ದಿನಾ ಸಂಜೆ ಒತ್ತಿ ಒತ್ತಿ ಬೆರಳು ನೋಯಿಸಿಕೊಂಡ ಹದಿನೆಂಟು.

"ಇದು ಕೆಟ್ಟಿರಲೇ ಇಲ್ರಿ ಅಕ್ಕಾರ," ಎಂದಳು ಸವಿತಾ. "ಯಾರೋ ಹಿಂಗ ಇಟ್ಟಿದ್ರು. ಟಿವಿ ತಂದ ದಿನ ನಿಮ್ಮ ಹಳೇ ಸೆಟ್ಟಿಂಗೆಲ್ಲಾ ಅಳಿಸಿ ಹೊಸದಾಗಿ ಶುರು ಮಾಡಿದ್ನಲ್ಲ, ಆವಾಗ ಹೋಗೇತಿ." ಆಮೇಲೆ ಬಹಳ ಮೆತ್ತಗೆ ಕೇಳಿದಳು. "ನಿಮ್ಮನ್ಯಾಗ ಯಾರ್ಯಾರು ಇರ್ತೀರ್ರಿ?"

ನಾನು ಮತ್ತು ನಮ್ಮವರು, ಇಬ್ಬರೇ ಎಂದೆ. ಹೇಳುತ್ತಿರುವಾಗಲೇ ನನಗೆ ಎಲ್ಲವೂ ಹೊಳೆಯಿತು. ಪುಸ್ತಿಕೆ ಓದುವವರು ಯಾರು, ಸ್ಕ್ರೂ ಡ್ರೈವರು ಹಿಡಿದು ಅರ್ಧ ಗಂಟೆ ಒಳಗೆ ಇಣುಕಿದವರು ಯಾರು, ಹೊಸ ಟಿವಿ ಬೇಡ ಎಂದವರು ಯಾರು, ಖಾನಾಪುರಕ್ಕೆ ಹೋಗಬೇಡ ಎಂದವರು ಯಾರು. ಸಿಟ್ಟು, ನಾಚಿಕೆ ಎರಡೂ ಒಟ್ಟಿಗೆ ಬಂದವು. ಒಂಬತ್ತು ಪ್ಯಾರಾದ ಕಾಗದವನ್ನು ಮಡಚಿ ಚೀಲದೊಳಗೆ ತುರುಕಿದೆ.

ಪರಶುರಾಮರಿಗೆ ಇದಾವುದೂ ಬೇಕಿರಲಿಲ್ಲ. ಅವರ ಮುಖ ಅರಳಿತ್ತು. ಅಡುಗೆಮನೆಯ ಕಡೆ ಒಮ್ಮೆ ನೋಡಿ, ನನ್ನ ಕಡೆ ಬಾಗಿ, ಟಿವಿ ಈಗ ನಿಮ್ಮ ವಿವರಣೆಗೆ ಸರಿಯಾಗಿ ಹೊಂದುತ್ತದೆ, ತಕರಾರನ್ನು ಈಗಲೇ ವಾಪಸ್ ತೆಗೆದುಕೊಳ್ಳುತ್ತೇನೆ ಎಂದರು.

"ಆಯಿಗೆ ಮಾತ್ರ ಹೇಳಬ್ಯಾಡ್ರಿ," ಎಂದು ಸೇರಿಸಿದರು. "ಟಿವಿ ಕೆಟ್ಟತು ಅಂದ್ರ ನಂಬತಾಳ."

ನನ್ನ ಹಸಿರು ಗುರುತು ಅವರ ಹೆಬ್ಬೆರಳಿನ ಕೆಳಗೆ ಇತ್ತು. ಸುಮ್ಮನೆ ಚಹಾ ಕುಡಿದು ಎದ್ದುಬಂದರೆ ಸಾಕು, ನನ್ನ ಬರಹ ಸತ್ಯ, ನಾನು ನಂಬಿಕಸ್ಥಳು. ಒಳಗಿನಿಂದ ಶುಂಠಿ ಜಜ್ಜುವ ಸದ್ದು ಬರುತ್ತಿತ್ತು. ನಾಳೆಯಿಂದ ಆ ಮುದುಕಿ ನನ್ನ ಹಾಗೆಯೇ ಬಟನ್ನು ಒತ್ತುತ್ತ ಕೂರುತ್ತಾಳೆ, ಯಂತ್ರಕ್ಕೆ ವಯಸ್ಸಾಯಿತೆಂದು ನಂಬುತ್ತಾಳೆ, ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದ ಹಾಗೆ ಸೀರಿಯಲ್ಲು ನೋಡುತ್ತಾಳೆ. ಆಯಿ ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ನರ್ಸಿನ ನಿದ್ದೆ, ಮಗನ ಹುಡುಕಾಟ, ಹದಿನೆಂಟರ ಕೀಲಿ, ಒಂದನ್ನೂ ಬಿಡಲಿಲ್ಲ. ಪರಶುರಾಮರು ಕುರ್ಚಿಯಲ್ಲಿ ಕುಸಿದರು. ಹಾಗಾದರೆ ತಕರಾರು ಹಾಗೆಯೇ ಇರುತ್ತದೆ ಎಂದರು. ಇರಲಿ ಎಂದೆ. ಟಿವಿ ಕೆಟ್ಟಿದೆ ಎಂದು ನಾನು ಬರೆದದ್ದು ಸುಳ್ಳು, ನೀವು ಬರೆದದ್ದೇ ನಿಜ, ನಿಜವನ್ನು ವಾಪಸ್ ತೆಗೆದುಕೊಳ್ಳಿ ಎಂದು ನಾನು ಯಾರನ್ನೂ ಕೇಳಿದವಳಲ್ಲ ಎಂದೆ.

ಆಯಿ ಚಹಾ ಎಲ್ಲರಿಗೂ ಕೊಟ್ಟು, ತಮ್ಮ ಬಟ್ಟಲು ಹಿಡಿದು ಚಾಪೆಯ ಮೇಲೆ ಕೂತರು. ನರ್ಸು ಹಗಲು ಮಲಗುವ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಆ ಹುಡುಗಿ ಎದುರಿಗೆ ಸಿಕ್ಕಾಗ ಮುಖ ಗಂಟಿಕ್ಕುವುದನ್ನು ನೋಡಿ, ಸೊಕ್ಕಿನವಳು ಎಂದುಕೊಂಡಿದ್ದರಂತೆ.

"ಒಂದ ಮಾತು ಕೇಳಿದ್ರ ಬ್ಯಾಡ ಅಂತಿದ್ನೇನಪಾ?" ಎಂದು ಮಗನನ್ನು ಕೇಳಿದರು. "ಟಿವಿ ಬದಲಿ ಮಾಡಿದ್ರಿ. ಕೇಳಲಿಲ್ಲ."

ನಾನು ಚೀಲದಿಂದ ಆ ಕಾಗದ ತೆಗೆದು, ಬಸ್ಸಿನ ಕುಲುಕಾಟದ ಗುರುತುಗಳ ಕೆಳಗೆ ಅಲ್ಲಿಯೇ ಒಂದು ಕರಾರು ಬರೆದೆ: ನರ್ಸು ಮಲಗಿರುವವರೆಗೆ ಹದಿನೆಂಟು, ಎದ್ದ ಮೇಲೆ ಆಯಿಯ ಮನಸ್ಸಿಗೆ ಬಂದಷ್ಟು, ಕೀಲಿ ಹಾಕುವಂತಿಲ್ಲ, ಟಿವಿ ಕೆಟ್ಟಿತೆಂದು ಹೇಳುವಂತಿಲ್ಲ. ಆಯಿ ಮರಾಠಿಯಲ್ಲಿ ಸಹಿ ಮಾಡಿದರು, ಮಗ ಕನ್ನಡದಲ್ಲಿ. ಹೊರಡುವಾಗ ಆಯಿ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು, ನನ್ನ ಮುಖವನ್ನೇ ನೋಡುತ್ತ ಕೇಳಿದರು.

"ನೀವೂ ನನ್ನಂಗ ಜೋರ ಇಡ್ತೀರೇನವ್ವ?"

ಸ್ವಲ್ಪ ಮುಂದಾಗಿ ಎಂದೆ.

ವಾಪಸ್ ಬರುವ ಬಸ್ಸಿನಲ್ಲಿ ಸಹಾಯವಾಣಿಗೆ ಬರೆದೆ: ಗ್ರಾಹಕರ ತಕರಾರು ಸತ್ಯವಾಗಿದೆ, ಸದರಿ ಟಿವಿಯಲ್ಲಿ ಯಾವ ದೋಷವೂ ಇರಲಿಲ್ಲ, ದೋಷ ನಮ್ಮ ಮನೆಯಲ್ಲಿತ್ತು. ತಮ್ಮ ಸಮಸ್ಯೆ ಬಗೆಹರಿದದ್ದಕ್ಕೆ ಸಂತೋಷ ಎಂದು ಉತ್ತರ ಬಂತು. ಪೀರನವಾಡಿ ದಾಟುವಷ್ಟರಲ್ಲಿ ಹಸಿರು ಹೋಗಿ ಕೆಂಪು ಗುರುತು ಬಂದಿತ್ತು. ಇದೆ ಈಗಲೂ, ಬೇಕಾದವರು ನೋಡಬಹುದು. ನಾನು ಅದನ್ನು ಮುಚ್ಚಿಡುವವಳಲ್ಲ. ಗುರುತಿಗಿಂತ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ಇಪ್ಪತ್ತೊಂಬತ್ತು ವರ್ಷ ಒಂದು ಮಾತೂ ಆಡದೆ, ಬೆನ್ನ ಹಿಂದೆ ಕೀಲಿ ಹಾಕಿದ ಮನುಷ್ಯನಿಗೆ ಏನು ಮಾಡಬೇಕು? ಬಾಯಿ ಬಿಟ್ಟು ಕೇಳಿದ್ದರೆ ನಾನೇನು ಬ್ಯಾಡ ಅನ್ನುತ್ತಿದ್ದೆನೇ? ಬಹುಶಃ ಅನ್ನುತ್ತಿದ್ದೆ. ಅದು ಬೇರೆ ಮಾತು.

ಮನೆಗೆ ಬಂದಾಗ ನಮ್ಮವರು ಪೇಪರು ಹಿಡಿದು ಕೂತಿದ್ದರು. ಏನಾಯಿತು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೈಕಾಲು ತೊಳೆದು, ಹೊಸ ಟಿವಿಯ ಮುಂದೆ ಕೂತು, ಸವಿತಾ ಹೋದ ದಾರಿಯಲ್ಲೇ ಒಂದೊಂದಾಗಿ ಪಟ್ಟಿ ತೆರೆಯುತ್ತ ಹೋದೆ. ಗರಿಷ್ಠ ಧ್ವನಿ ಸಿಕ್ಕಿತು. ಅಲ್ಲಿಯೂ ಹದಿನೆಂಟು. ನೂರು ಮಾಡಿದೆ. ಹೊರಗೆ ಬಂದು ಅರವತ್ತಕ್ಕೆ ಏರಿಸಿದೆ. ಷೋಕೇಸಿನ ಗಾಜು ಜುಮ್ಮೆಂದಿತು. ಪೇಪರು ನಿಧಾನವಾಗಿ ಕೆಳಗಿಳಿಯಿತು. ನಮ್ಮವರ ತುಟಿ ಅಲುಗಾಡಿದ್ದು ಕಂಡಿತು. ಮಾತು ಕೇಳಿಸಲಿಲ್ಲ. ನಾನು ಟಿವಿಯ ಬಾಯಿ ಪೂರ್ತಿ ಮುಚ್ಚಿ, ಏನಂದಿರಿ ಎಂದೆ.

"ಸ್ವಲ್ಪ ಸಣ್ಣ ಮಾಡ ಅಂದೆ," ಎಂದರು. "ಇಡೀ ದಿನ ಲೇತ್ ಮಷೀನ್ ಕಿವ್ಯಾಗ ಕಿರಚತಿರತೈತಿ. ಮನಿಗೆ ಬಂದ ಮ್ಯಾಲಾರ ಸುಮ್ಮನ ಕುಂದ್ರೂಣು ಅನಸತೈತಿ."

ಇಷ್ಟು ವರ್ಷ ಇದನ್ನು ಹೇಳಲು ಏನಾಗಿತ್ತು, ಒಮ್ಮೆಯಾದರೂ ಬಾಯಿ ಬಿಟ್ಟಿದ್ದೀರಾ ಎಂದು ದಬಾಯಿಸಿದೆ. ಅವರು ಪೇಪರನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡರು.

"ದಿನಾ ಹೇಳತಿದ್ದೆ," ಎಂದರು. "ನಿನಗ ಕೇಳಸ್ತಿರಲಿಲ್ಲ."

ಮೇಲೆ ಎಲ್ಲೋ ಒಂದು ಕಡೆ, ನಮ್ಮವರು ಸಣ್ಣ ಮಾಡು ಎಂದು ಒಂದು ದಿನವೂ ಅಂದವರಲ್ಲ ಎಂದು ಬರೆದಿದ್ದೇನೆ. ತಂಗಿಯ ಎದುರೂ ಹೇಳಿಕೊಂಡು ಬಂದಿದ್ದೇನೆ. ಆ ಸಾಲನ್ನು ನಾನು ಹೊಡೆದುಹಾಕುವುದಿಲ್ಲ. ಯಾರು ಬೇಕಾದರೂ ಇನ್ನೊಂದು ಕೆಂಪು ಗುರುತು ಹಾಕಿಕೊಳ್ಳಲಿ. ಮೇಲೆ ಬರೆದುದೆಲ್ಲವೂ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯವಾಗಿರುತ್ತದೆ. ಅವತ್ತು ಸಂಜೆ ಅವರ ಕಣ್ಣೆದುರಿಗೇ ರಿಮೋಟು ಹಿಡಿದು, ಯಾರ ಒತ್ತಾಯವೂ ಇಲ್ಲದೆ, ಸ್ವಂತ ಬುದ್ಧಿಯಿಂದ, ಹತ್ತೊಂಬತ್ತಕ್ಕೆ ನಿಲ್ಲಿಸಿದೆ.